ರಿಫಾಂಪಿಸಿನ್ ಶುರುವಾದ ಮೇಲೆ ವಾರ್ಫರಿನ್ ಏಕೆ ಸಾಲುತ್ತಿಲ್ಲ? ಔಷಧಶಾಸ್ತ್ರ ತಜ್ಞೆಯೊಂದಿಗೆ ಪ್ರಶ್ನೋತ್ತರ

ಒಬ್ಬ ಸದಸ್ಯರು: ಮೇಡಂ, ಹೃದಯ ಬಡಿತದ ಲಯ ತಪ್ಪುವ ತೊಂದರೆಗಾಗಿ ನಮ್ಮ ತಂದೆಯವರು ಹಲವು ವರ್ಷಗಳಿಂದ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ಒಳಗೇ ಇರುತ್ತಿತ್ತು. ಈಚೆಗೆ ಕ್ಷಯ ಪತ್ತೆಯಾಗಿ, ರಿಫಾಂಪಿಸಿನ್ ಸೇರಿದ ಚಿಕಿತ್ಸೆ ಆರಂಭವಾಯಿತು. ಮೊದಲ ಕೆಲವು ದಿನ ವ್ಯತ್ಯಾಸವೇನೂ ಕಾಣಲಿಲ್ಲ. ಮೂರನೆಯ ವಾರದಲ್ಲಿ ಐಎನ್‌ಆರ್ 1.3ಕ್ಕೆ ಇಳಿದಿದೆ. ಅವರು ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ವೈದ್ಯರು ವಾರ್ಫರಿನ್ ಪ್ರಮಾಣ ಹೆಚ್ಚಿಸಿದ್ದಾರೆ. ಹೀಗಾಗಲು ಕಾರಣವೇನು?

ಉತ್ತರ: ನಿಮ್ಮ ತಂದೆಯವರ ಶಿಸ್ತಿನಲ್ಲಿ ಯಾವ ಲೋಪವೂ ಇಲ್ಲ. ಯಕೃತ್ತಿನ ಜೀವಕೋಶಗಳಲ್ಲಿ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳ ಕುಟುಂಬವಿದೆ; ನಾವು ನುಂಗುವ ಬಹುಪಾಲು ಔಷಧಗಳನ್ನು ರಾಸಾಯನಿಕವಾಗಿ ಮಾರ್ಪಡಿಸಿ, ಹೊರಹಾಕಲು ಅಣಿಗೊಳಿಸುವುದು ಇವುಗಳ ಕೆಲಸ. ವಾರ್ಫರಿನ್ನಿನ ಹೆಚ್ಚು ಪ್ರಬಲವಾದ ಅಂಶವನ್ನು ಮುಖ್ಯವಾಗಿ 2ಸಿ9 ಎಂಬ ಕಿಣ್ವ ನಿಷ್ಕ್ರಿಯಗೊಳಿಸುತ್ತದೆ. ರಿಫಾಂಪಿಸಿನ್ ಜೀವಕೋಶದೊಳಗೆ ಪಿಎಕ್ಸ್‌ಆರ್ ಎಂಬ ಗ್ರಾಹಕಕ್ಕೆ (ರಿಸೆಪ್ಟರ್) ಅಂಟಿಕೊಳ್ಳುತ್ತದೆ, ಆ ಗ್ರಾಹಕವು ಡಿಎನ್‌ಎಯ ಮೇಲೆ ಕುಳಿತು 2ಸಿ9, 3ಎ4 ಮೊದಲಾದ ಕಿಣ್ವಗಳನ್ನು ಹೆಚ್ಚು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ಇದನ್ನೇ ಕಿಣ್ವ ಪ್ರೇರಣೆ ಎನ್ನುತ್ತೇವೆ. ಪರಿಣಾಮವಾಗಿ, ನುಂಗಿದ ಪ್ರಮಾಣ ಅಷ್ಟೇ ಇದ್ದರೂ ರಕ್ತದಲ್ಲಿ ಉಳಿಯುವ ವಾರ್ಫರಿನ್ ಕಡಿಮೆಯಾಗುತ್ತದೆ.

ಮೊದಲ ದಿನಗಳಲ್ಲಿ ಏನೂ ಕಾಣದಿದ್ದುದಕ್ಕೂ ಕಾರಣ ಇಲ್ಲೇ ಇದೆ. ಕ್ಲಾರಿಥ್ರೋಮೈಸಿನ್ ಅಥವಾ ಫ್ಲುಕೊನಜೋಲ್‌ನಂತಹ ಔಷಧಗಳು ಇರುವ ಕಿಣ್ವವನ್ನೇ ತಡೆಹಿಡಿಯುವುದರಿಂದ ಅವುಗಳ ಪ್ರಭಾವ ಬೇಗನೆ ಶುರುವಾಗುತ್ತದೆ. ಪ್ರೇರಣೆಯಲ್ಲಾದರೋ ಹೊಸ ಕಿಣ್ವ ತಯಾರಾಗಿ ಶೇಖರವಾಗಬೇಕು; ರಿಫಾಂಪಿಸಿನ್ನಿನ ವಿಷಯದಲ್ಲಿ ಅದು ಪೂರ್ಣ ಮಟ್ಟಕ್ಕೇರಲು ಸುಮಾರು ಎರಡು ವಾರ ಹಿಡಿಯುತ್ತದೆ. ಆಮೇಲೆ ಹಿಂದಿನ ಎರಡರಿಂದ ಐದು ಪಟ್ಟು ವಾರ್ಫರಿನ್ ಬೇಕಾಗುವ ರೋಗಿಗಳೂ ಇದ್ದಾರೆ, ಆದ್ದರಿಂದ ಚೀಟಿಯಲ್ಲಿನ ಪ್ರಮಾಣ ಕಂಡು ಗಾಬರಿಯಾಗಬೇಡಿ. ಹಾಗೆಂದು ವಾರ್ಫರಿನ್ ಕೆಲಸ ಮಾಡಲೆಂದು ರಿಫಾಂಪಿಸಿನ್ ಬಿಡುವುದು ಸರ್ವಥಾ ಸಲ್ಲದು.

ಅದೇ ಸದಸ್ಯರು: ಹಾಗಾದರೆ ಕ್ಷಯದ ಚಿಕಿತ್ಸೆ ಮುಗಿದೊಡನೆ ಎಲ್ಲವೂ ಮೊದಲಿನಂತಾಗುತ್ತದೆಯೇ?

ಉತ್ತರ: ಆಗುತ್ತದೆ, ಆದರೆ ತಕ್ಷಣವಲ್ಲ, ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯವಿರುವುದು ಈ ಹಂತದಲ್ಲೇ. ಸಾಮಾನ್ಯ ಕ್ಷಯದ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಆರು ತಿಂಗಳೂ ಇರುತ್ತದೆ. ಅದು ನಿಂತ ಮೇಲೆ ಹೆಚ್ಚುವರಿ ಕಿಣ್ವವು ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಮೆಲ್ಲನೆ ಕರಗುತ್ತದೆ, ಹೆಚ್ಚಿಸಿದ್ದ ವಾರ್ಫರಿನ್ ಮಾತ್ರ ಹಾಗೇ ಮುಂದುವರಿದಿದ್ದರೆ ಐಎನ್‌ಆರ್ ದಿನೇ ದಿನೇ ಏರಿ ರಕ್ತಸ್ರಾವದವರೆಗೂ ಹೋಗಬಹುದು. ರೋಗಿ ಗುಣಮುಖರಾಗಿ, ಆಸ್ಪತ್ರೆಗೆ ಹೋಗುವುದು ವಿರಳವಾಗುವ ಹೊತ್ತೂ ಅದೇ ಆಗಿರುತ್ತದೆ. ಆದ್ದರಿಂದ ರಿಫಾಂಪಿಸಿನ್ನಿನ ಕೊನೆಯ ದಿನಾಂಕವನ್ನು ವಾರ್ಫರಿನ್ ಬರೆಯುವ ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಿ. ಕ್ಷಯಕ್ಕೂ ಹೃದಯಕ್ಕೂ ಬೇರೆ ಬೇರೆ ವೈದ್ಯರಿದ್ದರೆ ಈ ಸುದ್ದಿ ತಾನಾಗಿ ತಲುಪೀತೆಂದು ನಂಬಬೇಡಿ. ವಾರ್ಫರಿನ್ ಹಂತ ಹಂತವಾಗಿ ಇಳಿದು ಐಎನ್‌ಆರ್ ನೆಲೆಗೊಳ್ಳುವವರೆಗೆ ಪದೇ ಪದೇ ಪರೀಕ್ಷೆ ಬೇಕು. ಕಪ್ಪು ಮಲ, ನಿಲ್ಲದ ವಸಡಿನ ರಕ್ತ, ಹಠಾತ್ ತೀವ್ರ ತಲೆನೋವು ಕಂಡರೆ ಮುಂದಿನ ಪರೀಕ್ಷೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ವಾರ್ಫರಿನ್ ಬಿಟ್ಟು ಅದೇ ಕೆಲಸ ಮಾಡುವ ಹೊಸ ಬಗೆಯ ಮಾತ್ರೆಗೆ ಬದಲಾಯಿಸಬಾರದೇ ಎಂದು ಯಾರಾದರೂ ಕೇಳುವ ಮುನ್ನವೇ ಹೇಳಿಬಿಡುತ್ತೇನೆ: ಅಪಿಕ್ಸಬಾನ್, ರಿವರಾಕ್ಸಬಾನ್‌ಗಳ ಮಟ್ಟವನ್ನೂ ರಿಫಾಂಪಿಸಿನ್ ಇಳಿಸುತ್ತದೆ. ವಾರ್ಫರಿನ್ನಿಗೆ ಐಎನ್‌ಆರ್ ಎಂಬ ಅಳತೆಗೋಲಾದರೂ ಇದೆ.

ಇನ್ನೊಬ್ಬ ಸದಸ್ಯರು: ಕಿಣ್ವ ಹೆಚ್ಚಾಗಿದೆ ಎಂದರೆ ಲಿವರ್‌ಗೆ ಪೆಟ್ಟಾಗಿದೆ ಎಂದರ್ಥವೇ?

ಉತ್ತರ: ಇಲ್ಲ. ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ ಎಎಲ್‌ಟಿ, ಎಎಸ್‌ಟಿ ಬೇರೆ ಕಿಣ್ವಗಳು. ಜೀವಕೋಶಕ್ಕೆ ಹಾನಿಯಾದಾಗ ಅವು ರಕ್ತಕ್ಕೆ ಸೋರುತ್ತವೆ. ಪ್ರೇರಣೆ ಆ ಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಕ್ಷಯದ ಔಷಧಗಳಿಂದ ಲಿವರ್‌ಗೆ ಹಾನಿಯೂ ಆಗಬಹುದಾದ್ದರಿಂದ ಅದಕ್ಕೆ ಪ್ರತ್ಯೇಕ ನಿಗಾ ಬೇಕು.

ಇನ್ನೊಬ್ಬ ಸದಸ್ಯೆ: ನಾನು ಫಿಟ್ಸ್‌ಗೆ ಕಾರ್ಬಮಜೆಪೀನ್ ತೆಗೆದುಕೊಳ್ಳುತ್ತೇನೆ. ಗರ್ಭನಿರೋಧಕ ಮಾತ್ರೆಯ ಮೇಲೆ ಭರವಸೆ ಇಡಬಹುದೇ?

ಉತ್ತರ: ಆ ಮಾತ್ರೆಯೊಂದರ ಮೇಲೆಯೇ ಭರವಸೆ ಇಡಬೇಡಿ. ಕಾರ್ಬಮಜೆಪೀನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್ ಮೂರೂ ಪ್ರಬಲ ಪ್ರೇರಕಗಳು. ಗರ್ಭನಿರೋಧಕ ಮಾತ್ರೆಯ ಎರಡೂ ಹಾರ್ಮೋನುಗಳನ್ನು ಅವು ಇಳಿಸುತ್ತವೆ. ಎರಡು ಮುಟ್ಟುಗಳ ನಡುವೆ ರಕ್ತ ಕಾಣಿಸಿಕೊಳ್ಳುವುದು ಒಂದು ಸುಳಿವಾಗಿರಬಹುದು, ಆದರೆ ಕಾಣಿಸಲಿಲ್ಲವೆಂದರೆ ಮಾತ್ರೆ ಫಲಿಸುತ್ತಿದೆ ಎಂದಲ್ಲ. ಕಾಪರ್-ಟಿ ಹಾಗೂ ಲಿವೊನಾರ್ಜೆಸ್ಟ್ರೆಲ್ ಸೂಸುವ ಗರ್ಭಾಶಯದ ಸಾಧನಗಳಿಗೆ ಈ ತೊಂದರೆ ತಟ್ಟುವುದಿಲ್ಲ. ಪ್ರೇರಕ ಔಷಧ ನಿಂತ ಮೇಲೂ ನಾಲ್ಕು ವಾರ ಎಚ್ಚರ ಅಗತ್ಯ. ಅಂದಹಾಗೆ, ಕಾರ್ಬಮಜೆಪೀನ್ ತನ್ನನ್ನೇ ಕರಗಿಸುವ ಕಿಣ್ವವನ್ನೂ ಹೆಚ್ಚಿಸಿಕೊಳ್ಳುತ್ತದೆ: ಆರಂಭದಲ್ಲಿ 25ರಿಂದ 65 ಗಂಟೆಯಿದ್ದ ಅದರ ಅರ್ಧಾಯುಷ್ಯ (ರಕ್ತದಲ್ಲಿನ ಮಟ್ಟ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ಕೆಲವು ವಾರಗಳಲ್ಲಿ 12ರಿಂದ 17 ಗಂಟೆಗೆ ಇಳಿಯುತ್ತದೆ. ಮೊದಲು ಹಿಡಿತಕ್ಕೆ ಬಂದಿದ್ದ ಫಿಟ್ಸ್ ಒಂದು ತಿಂಗಳೊಳಗೆ ಮರುಕಳಿಸಿದರೆ ಈ ಸಾಧ್ಯತೆಯನ್ನೂ ವೈದ್ಯರು ಗಮನಿಸುತ್ತಾರೆ. ನೀವಾಗಿಯೇ ಮಾತ್ರೆ ಬದಲಾಯಿಸಬೇಡಿ.

ಮತ್ತೊಬ್ಬ ಸದಸ್ಯರು: ನನ್ನ ತಮ್ಮ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುತ್ತಾನೆ. ಸಿಗರೇಟು ಬಿಟ್ಟು ಹತ್ತು ದಿನವಾಯಿತು. ವಿಪರೀತ ನಿದ್ದೆ, ಬಾಯಲ್ಲಿ ಜೊಲ್ಲು. ನಿಕೋಟಿನ್ ಪಟ್ಟಿ ಹಾಕಿದ್ದೇವೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ ಎಂದೇ ತೋರುತ್ತದೆ, ಇವತ್ತೇ ಅವನ ವೈದ್ಯರಿಗೆ ತಿಳಿಸಿ. ಕ್ಲೋಜಪಿನ್ ಕರಗಿಸುವ 1ಎ2 ಕಿಣ್ವವನ್ನು ಪ್ರೇರಿಸುವುದು ಹೊಗೆಯಲ್ಲಿನ ಟಾರಿನ ಅಂಶಗಳೇ ಹೊರತು ನಿಕೋಟಿನ್ ಅಲ್ಲ. ಹಾಗಾಗಿ ಪಟ್ಟಿಯಿಂದ ಈ ವ್ಯತ್ಯಾಸ ಸರಿಹೋಗುವುದಿಲ್ಲ. ಸಿಗರೇಟು ನಿಂತ ಒಂದು ವಾರದ ಆಸುಪಾಸಿನಲ್ಲಿ ಕಿಣ್ವ ಕುಸಿದು, ಅದೇ ಪ್ರಮಾಣದ ಮಾತ್ರೆಗೆ ರಕ್ತದಲ್ಲಿನ ಮಟ್ಟ ಏರುತ್ತದೆ. ತೀರ ಹೆಚ್ಚಾದರೆ ಫಿಟ್ಸ್ ಕೂಡ ಬರಬಹುದು. ಮಟ್ಟವನ್ನು ಅಳೆದು ಪ್ರಮಾಣ ತಗ್ಗಿಸಬೇಕಾಗಬಹುದು. ಮತ್ತೆ ಸಿಗರೇಟು ಸೇದುವುದು ಇದಕ್ಕೆ ಪರಿಹಾರವಲ್ಲ, ಆದರೆ ಹಾಗೇನಾದರೂ ಶುರುಮಾಡಿದರೆ ಅದನ್ನೂ ವೈದ್ಯರಿಂದ ಮುಚ್ಚಿಡಬಾರದು.