ಬೆಳಗಾವಿಯಿಂದ ಆಮ್‌ಸ್ಟರ್‌ಡ್ಯಾಮ್, ಅವ್ವನ್ನ ಕರ್ಕೊಂಡು 6 ದಿನ, ಹ್ಯಾಂಗ ಪ್ಲ್ಯಾನ್ ಮಾಡ್ಲಿ?

ಟಿಳಕವಾಡಿ ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ಬರೂ ಏಪ್ರಿಲ್‌ನ್ಯಾಗ ನಾನು ನಮ್ಮವ್ವ ಇಬ್ರೂ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗೂ ವಿಚಾರ ಐತಿ, ಟಿವ್ಯಾಗ ಟುಲಿಪ್ ತೋಟ ನೋಡಿ ನೋಡಿ ಆಕಿಗೆ ಭಾಳ ವರ್ಷದ ಆಸೆ. ವಯಸ್ಸು 61, ಮೊಣಕಾಲ್ ನೋವು, ಶುದ್ಧ ಸಸ್ಯಾಹಾರಿ, ಇಲ್ಲೀತನಕ ವಿಮಾನ ಹತ್ತಿಲ್ಲ. ಸಾಂಬ್ರಾದಿಂದ (ನಮ್ಮ ಬೆಳಗಾವಿ ಏರ್‌ಪೋರ್ಟ್) ಬೆಂಗಳೂರಿಗೆ ಒಂದ್ ಟಿಕೆಟ್, ಅಲ್ಲಿಂದ ಡೈರೆಕ್ಟ್ ಫ್ಲೈಟ್‌ಗೆ ಬ್ಯಾರೆ ಟಿಕೆಟ್ ತಗೊಂಡ್ರ ಅಗ್ಗ ಬೀಳಾಕತ್ತೈತಿ, ನಡುವ 3 ತಾಸು ಸಿಗ್ತಾವ. ಸಾಕಾಗ್ತೈತೇನ್ರಿ? ಮತ್ತ ವೀಸಾ ಮೊದ್ಲೊ ಟಿಕೆಟ್ ಮೊದ್ಲೊ?

ಸಾಂಬ್ರಾ ಟು ಎಲ್ಲಿಗರ:
3 ತಾಸು ಬ್ಯಾಡ್ರಿ ಮಾರಾಯ್ರ. ಬ್ಯಾರೆ ಬ್ಯಾರೆ ಟಿಕೆಟ್ ಅಂದ್ರ ಮೊದಲ್ನೇ ಫ್ಲೈಟ್ ಲೇಟಾದ್ರ ಎರಡ್ನೇದವ್ರಿಗೆ ಸಂಬಂಧಿಲ್ಲ, ಬ್ಯಾಗ್ ತಗೊಂಡು ಹೊರಗ ಬಂದು ಟರ್ಮಿನಲ್ 2ಕ್ಕ ಹೋಗಿ ಮತ್ತ ಚೆಕ್-ಇನ್ ಮಾಡ್ಬೇಕು, ಕೌಂಟರ್ ಹೊರಡೂ ಒಂದ್ ತಾಸು ಮೊದ್ಲ ಬಂದ್ ಆಗ್ತೈತಿ. ನಾ ಒಮ್ಮೆ ಹಿಂಗ ಉಳಿಸಾಕ ಹೋಗಿ ಜುಲೈ ಮಳ್ಯಾಗ ಸಾಂಬ್ರಾದಾಗ ಎರಡ್ ತಾಸು ಕುಂತು, ದೊಡ್ಡ ಟಿಕೆಟ್ ಪೂರ್ತಿ ಕಳ್ಕೊಂಡೆ. ಹಿಂದಿನ ದಿನ ಮುಂಜಾನೆ ವಂದೇ ಭಾರತ್ ಹತ್ರಿ, ಮಧ್ಯಾಹ್ನ ಬೆಂಗಳೂರು, ದೇವನಹಳ್ಳಿ ಕಡೆ ರೂಮ್ ಮಾಡಿ ಅವ್ವಗ ಕಾಲು ಚಾಚಾಕ ಬಿಡ್ರಿ. ಮುಂದ 10-11 ತಾಸು ಕುಂದ್ರೂದೈತಿ.

ಇನ್ನೊಂದು, ನಡುರಾತ್ರಿ ದಾಟಿ ಹೊರಡೂ ಫ್ಲೈಟಿನ ತಾರೀಖು ನೋಡ್ರಿ. 13ನೇ ತಾರೀಖು ರಾತ್ರಿ 2ಕ್ಕ ಅಂತಿದ್ರ ನೀವು 12ಕ್ಕ ರಾತ್ರಿನೇ ಅಲ್ಲಿ ಇರ್ಬೇಕು. ನಗಬ್ಯಾಡ್ರಿ, ನಮ್ಮ ಪೈಕಿಯವ್ರ ಒಬ್ರು 13ರ ಸಂಜಿಗೆ ಹೂವಿನ ಹಾರ ಹಾಕಿಸ್ಕೊಂಡು ಹೊಂಟಿದ್ರು.

ಫೈಲ್ ಹಿಡಕೊಂಡಾಂವ:
ವೀಸಾ ಕೈಗೆ ಬರೂತನಕ ಹಣ ವಾಪಸ್ ಬರದ ಟಿಕೆಟ್ ತಗೋಬ್ಯಾಡ್ರಿ, ಅರ್ಜಿಗೆ ರಿಸರ್ವೇಶನ್ ಸಾಕು. ಶೆಂಗೆನ್ ವೀಸಾಕ್ಕ (ನೆದರ್ಲೆಂಡ್ಸ್ ಸೇರಿ ಯುರೋಪಿನ ಭಾಳ ದೇಶಕ್ಕ ನಡಿಯೂ ಒಂದೇ ವೀಸಾ) ಪ್ರವಾಸದ 6 ತಿಂಗಳ ಮೊದ್ಲಿಂದ ಹಾಕ್ಬಹುದು, 15 ದಿನ ಕಡೀ ಗಡುವು. ಒಬ್ರಿಗೆ 90 ಯೂರೋ, ಅರ್ಜಿ ತಗೊಳ್ಳೂ ವೀಸಾ ಸೆಂಟರಿನ ಶುಲ್ಕ ಬ್ಯಾರೆ, ಇನ್ಶೂರೆನ್ಸ್ ಕಡಿಮಿ ಅಂದ್ರ 30,000 ಯೂರೋದ್ದು. ಬೆರಳಚ್ಚು ಕೊಡಾಕ ಅವ್ವನೂ ಬರ್ಬೇಕು. ನಡುವ ಪ್ಯಾರಿಸ್ ಸೇರ್ಸಿದ್ರ ಯಾವ ದೇಶದಾಗ ಹೆಚ್ಚು ದಿನ ಇರ್ತೀರೋ ಆ ದೇಶಕ್ಕನ ಅರ್ಜಿ.

ಶೇಂಗಾ ಚಟ್ನಿ:
ನಾ ನಮ್ಮತ್ತಿನ್ನ ಕರ್ಕೊಂಡು ಹೋಗಿದ್ದೆ. ಹೋಟೆಲ್ ಬುಕ್ ಮಾಡೂ ಮುಂದ ಲಿಫ್ಟ್ ಐತೇನು ಅಂತ ಕೇಳ್ರಿ, ಬಾಕಿ ಎಲ್ಲಾ ಆಮ್ಯಾಲೆ. ಕಾಲುವೆ ದಂಡಿ ಹಳೇ ಮನಿ ಫೋಟೋದಾಗ ಚಂದ ಕಾಣ್ತಾವ, ಒಳಗ ಮೆಟ್ಲ ನಮ್ಮ ಮಾಳಗಿ ಏಣಿ ಇದ್ದಂಗ ಕಡಿದು, ಹಗ್ಗ ಹಿಡ್ಕೊಂಡು ಹತ್ಬೇಕು. ಸಾಮಾನು ಒಳಗಿಂದ ಒಯ್ಯಾಕ ಆಗಂಗಿಲ್ಲಂತ ಮನಿ ನೆತ್ತಿಗೆ ಕೊಕ್ಕಿ ಹಾಕ್ಯಾರ, ಕಪಾಟು ಮಂಚ ಎಲ್ಲಾ ಕಿಡಕಿಯಿಂದ ಒಳಗ. ಅತ್ತಿ ಕೊಕ್ಕಿ ನೋಡಿ "ನನ್ನೂ ಅದಕ್ಕ ಕಟ್ಟಿ ಎಳೀರಿ" ಅಂದ್ರು.

ಏರ್‌ಪೋರ್ಟ್‌ನ್ಯಾಗ ವ್ಹೀಲ್‌ಚೇರ್ ಮೊದ್ಲ ಹೇಳಿಡ್ರಿ, ನಾಚ್ಕೊಬ್ಯಾಡ್ರಿ. ವಿಮಾನದಾಗಿನ ಊಟಕ್ಕ ಏಷ್ಯನ್ ವೆಜ್ (ಭಾರತದ ನಮೂನಿ ಸಸ್ಯಾಹಾರ) ಆರಿಸ್ರಿ, ಬರೇ ವೆಜ್ ಅಂದ್ರ ಬೇಯಿಸಿದ ಗಜ್ಜರಿ ಬರೂ ಸಾಧ್ಯತೆ ಐತಿ. ಖಡಕ್ ರೊಟ್ಟಿ, ಚಟ್ನಿಪುಡಿ ದೊಡ್ಡ ಬ್ಯಾಗಿನ್ಯಾಗ ಇಡ್ರಿ. ಕುಂದಾ ಮಾತ್ರ ಒಯ್ಯಬ್ಯಾಡ್ರಿ, ಹೊರಗಿನ ದೇಶದ ಹಾಲಿನ ಪದಾರ್ಥ ಅಲ್ಲಿ ಬಿಡಂಗಿಲ್ಲ. ಟ್ರೇನು ಟ್ರಾಮಿಗೆ ಬ್ಯಾಂಕ್ ಕಾರ್ಡ್ ತಟ್ಟಿ ಹತ್ತೂದು, ಇಳಿಯೂ ಮುಂದ (ಟ್ರೇನಾದ್ರ ಇಳಿದ ಮ್ಯಾಲೆ ಸ್ಟೇಶನ್ನಿನ್ಯಾಗ) ಮತ್ತ ತಟ್ಟೂದು, ಒಬ್ರಿಗೆ ಒಂದ್ ಕಾರ್ಡ್. ಕೆಂಪು ಹಾದಿ ಸೈಕಲ್ಲಿಂದು, ಅದರ ಮ್ಯಾಲೆ ನಿಂತು ಸೆಲ್ಫಿ ತಗೊಂಡ್ರ ಬೈಗುಳ ಡಚ್ಚಿನ್ಯಾಗ ಬಂದ್ರೂ ತಿಳೀತೈತಿ.

ಟಿಳಕವಾಡಿ ಹುಡುಗ:
ಭಾರೀ ಉಪಕಾರ ಆತ್ರಿ. ವಂದೇ ಭಾರತ್ ಫಿಕ್ಸ್. ಕುಂದಾ ಸುದ್ದಿ ಕೇಳಿ ಅವ್ವ ಮುಖ ಸಣ್ಣದ ಮಾಡ್ಯಾಳ. ಏಪ್ರಿಲ್ ಕೊನೀ ವಾರ ಹೋದ್ರ ನಡೀತೈತೇನು?

ಶೇಂಗಾ ಚಟ್ನಿ:
ಎರಡ್ನೇ ಮೂರ್ನೇ ವಾರ ಚಲೊ. 27ಕ್ಕ ರಾಜನ ಹುಟ್ಟಿದ ಹಬ್ಬ, ಊರ ತುಂಬ ಕೇಸರಿ ಬಟ್ಟಿ, ಕಾಲಿಡಾಕ ಜಾಗ ಇರಂಗಿಲ್ಲ. ಮತ್ತ ಹೊಲದಾಗಿನ ಟುಲಿಪ್ ಅರಳಿದ ಮ್ಯಾಲೆ ರೈತರು ಹೂವಿನ ತಲಿ ಕೊಯ್ದು ಅಲ್ಲೇ ಒಗೀತಾರ, ಶಕ್ತಿ ಎಲ್ಲಾ ಕೆಳಗ ಗಡ್ಡಿಗೆ ಹೋಗ್ಲಿ ಅಂತ, ಮಾರೂದು ಗಡ್ಡಿ ನೋಡ್ರಿ. ತಡ ಮಾಡಿದ್ರ ಬರೇ ಹಸರ ಎಲಿ. ಕ್ಯೂಕೆನ್‌ಹೋಫ್ ತೋಟದಾಗ ಮಾತ್ರ ಮೇ ಮೊದಲ್ನೇ ವಾರದಾಗೂ ಹೂವು ಇರ್ತಾವ, ಅದರ ಟಿಕೆಟ್ ಆನ್‌ಲೈನ್ ಮೊದ್ಲ ತಗೋರಿ.