ತೋಟದ ಕೆಲಸ, ಅತಿಥಿಗಳ ಉಪಚಾರ: ಎರಡರ ನಡುವೆ ದಣಿವನ್ನು ನಿಭಾಯಿಸುವುದು ಹೇಗೆ?

ಪ್ರಶ್ನೆ — ಆಗುಂಬೆ ಕಡೆಯ ತೋಟಗಾರ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಹೋಬಳಿಯಲ್ಲಿ ನಮಗೆ ಸುಮಾರು ನಾಲ್ಕು ಎಕರೆ ಅಡಿಕೆ ತೋಟವಿದ್ದು, ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಹಳೆಯ ಮನೆಯ ಒಂದು ಭಾಗವನ್ನು ದುರಸ್ತಿ ಮಾಡಿಸಿ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಎಲೆಚುಕ್ಕೆ ರೋಗ ಬಂದು ಫಸಲು ಇಳಿದ ಮೇಲೆ ಮನೆಯ ಖರ್ಚು ತೂಗುತ್ತಿರುವುದು ಬಹುಪಾಲು ಅತಿಥಿಗಳಿಂದ ಬರುವ ಹಣದಿಂದಲೇ. ಆದ್ದರಿಂದ ಇದನ್ನು ನಿಲ್ಲಿಸುವ ಯೋಚನೆ ನಮಗಿಲ್ಲ.

ಆದರೆ ಈಚೆಗೆ ನನ್ನಲ್ಲಿ ಉತ್ಸಾಹ ಕುಂದಿದೆ. ಮೇ ತಿಂಗಳಲ್ಲಿ ಶಾಲೆಗಳಿಗೆ ರಜೆಯಿರುವುದರಿಂದ ಕೋಣೆಗಳು ತುಂಬಿರುತ್ತವೆ. ಮಳೆಗಾಲ ಹಿಡಿಯುವ ಮುನ್ನ ಕೊಳೆರೋಗಕ್ಕೆ ಮೊದಲ ಸಲ ಬೋರ್ಡೋ ದ್ರಾವಣ ಹೊಡೆಸಬೇಕಾದದ್ದೂ ಆ ತಿಂಗಳ ಕೊನೆಯಲ್ಲಿಯೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಕಲಸಿದ ದ್ರಾವಣವನ್ನು ಅದೇ ದಿನ ಬಳಸಿ ಮುಗಿಸಬೇಕು. ಮರ ಹತ್ತಿ ಔಷಧಿ ಹೊಡೆಯುವ, ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಗುವ ದಿನವನ್ನು ಬಿಟ್ಟರೆ ಮತ್ತೆ ಯಾವಾಗ ಸಿಗುವರೋ ಹೇಳಲಾಗದು. ಅಂಥ ದಿನವೇ ಬೆಂಗಳೂರಿನಿಂದ ಎರಡು ಕಾರುಗಳಲ್ಲಿ ಜನ ಬಂದಿಳಿದರೆ, ಕೈ ತೊಳೆದುಕೊಂಡು ನಗುಮುಖದಿಂದ ಅವರನ್ನು ಬರಮಾಡಿಕೊಳ್ಳುವುದು ಬಹಳ ಕಷ್ಟವಾಗುತ್ತದೆ. ಅಕ್ಟೋಬರಿನಲ್ಲಿ ದಸರಾ ರಜೆ ಮತ್ತು ಅಡಿಕೆ ಕೊಯ್ಲು ಒಟ್ಟಿಗೆ ಬಂದಾಗಲೂ ಇದೇ ಪರಿಸ್ಥಿತಿ. ರಾತ್ರಿ ಹನ್ನೊಂದರವರೆಗೆ ಅತಿಥಿಗಳ ಜೊತೆ ಕುಳಿತು, ಬೆಳಗ್ಗೆ ಐದಕ್ಕೆ ಏಳುವುದು ವಾರಗಟ್ಟಲೆ ನಡೆಯುತ್ತದೆ. ಮೊದಲೆಲ್ಲ ತೋಟ ತೋರಿಸುವುದೆಂದರೆ ನನಗೆ ಬಹಳ ಇಷ್ಟವಿತ್ತು. ಈಗ ಅದೇ ಮಾತುಗಳನ್ನು ಮತ್ತೆ ಹೇಳಲು ಬಾಯಿ ಬರುವುದಿಲ್ಲ.

ಇಂಥ ಉದ್ಯೋಗದಲ್ಲಿ ಹಲವು ವರ್ಷ ಇರುವವರು ತಮ್ಮ ಶಕ್ತಿಯನ್ನೂ ಆಸಕ್ತಿಯನ್ನೂ ಹೇಗೆ ಕಾಪಾಡಿಕೊಂಡಿದ್ದೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 — ಕೊಡಗಿನ ಕಾಫಿ ಬೆಳೆಗಾರ

ನೀವು ವಿವರಿಸಿರುವುದನ್ನು ನೋಡಿದರೆ, ಕುಂದಿರುವುದು ನಿಮ್ಮ ಉತ್ಸಾಹವಲ್ಲ ಎಂದು ನನಗೆ ಅನ್ನಿಸುತ್ತದೆ. ತೋಟದ ಪಂಚಾಂಗವೂ ರಜೆಯ ಪಂಚಾಂಗವೂ ಒಂದೇ ವಾರದಲ್ಲಿ ನಿಮ್ಮನ್ನು ಕೇಳುತ್ತಿವೆ. ಇದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಪರಿಹಾರವಲ್ಲ, ದಿನಗಳನ್ನು ಮೊದಲೇ ಹಂಚಿಡುವುದು ಪರಿಹಾರ.

ನಮ್ಮಲ್ಲಿ ಅರೇಬಿಕಾ ಕೊಯ್ಲು ಡಿಸೆಂಬರಿನಲ್ಲಿ ಬಿರುಸಾಗಿರುತ್ತದೆ; ಅದರ ಹಿಂದೆಯೇ ರೊಬಸ್ಟಾ ಹಣ್ಣಾಗುತ್ತದೆ. ಮಡಿಕೇರಿಯ ಕಡೆಗೆ ಅತಿ ಹೆಚ್ಚು ಜನ ಬರುವುದು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ. ಕಣದಲ್ಲಿ ಹರಡಿದ ಕಾಫಿಯನ್ನು ದಿನವೂ ಕೈಯಾಡಿಸಬೇಕು, ಸಂಜೆ ಗುಡ್ಡೆ ಮಾಡಿ ಮುಚ್ಚಬೇಕು. ಅಕಾಲದ ಮಳೆ ಬಿದ್ದರೆ ಎಲ್ಲವನ್ನೂ ಬಿಟ್ಟು ಓಡಬೇಕು. ಆದ್ದರಿಂದ ನಾವು ಪ್ರತಿ ವರ್ಷ ಜೂನ್ ತಿಂಗಳಲ್ಲಿಯೇ ಕುಳಿತು ಮುಂದಿನ ಕೊಯ್ಲಿನ ವಾರಗಳನ್ನು ಅಂದಾಜು ಮಾಡಿ, ಆ ದಿನಗಳನ್ನು ಬುಕಿಂಗ್‌ನಿಂದ ತೆಗೆದುಬಿಡುತ್ತೇವೆ. ವರ್ಷಾಂತ್ಯದ ವಾರವನ್ನು ಮಾತ್ರ ಉಳಿಸಿಕೊಂಡು, ಆ ವಾರ ಕಣದ ಉಸ್ತುವಾರಿಗೆಂದೇ ಒಬ್ಬರನ್ನು ನೇಮಿಸಿಕೊಳ್ಳುತ್ತೇವೆ. ಜನವರಿಯಲ್ಲಿ ಅತಿಥಿಗಳಿಗೆ ವಾರಾಂತ್ಯ ಮಾತ್ರ.

ಇನ್ನೊಂದು ನಿಯಮ, ಎರಡು ರಾತ್ರಿಗಿಂತ ಕಡಿಮೆ ಇರುವವರನ್ನು ತೆಗೆದುಕೊಳ್ಳದಿರುವುದು. ಹಾಸಿಗೆ ಬದಲಿಸುವುದು, ಸ್ನಾನದ ಮನೆ ತೊಳೆಯುವುದು, ಬರಮಾಡಿಕೊಳ್ಳುವುದು, ತೋಟ ಸುತ್ತಿಸುವುದು, ಲೆಕ್ಕ ಮುಗಿಸಿ ಬೀಳ್ಕೊಡುವುದು, ಇವೆಲ್ಲ ಒಂದು ರಾತ್ರಿಯವರಿಗೂ ಅಷ್ಟೇ, ಎರಡು ರಾತ್ರಿಯವರಿಗೂ ಅಷ್ಟೇ. ದಣಿವು ಹೆಚ್ಚಾಗಿ ಬರುವುದು ಈ ಬರುವ ಹೋಗುವ ಗಡಿಬಿಡಿಯಿಂದ.

ಉತ್ತರ 2 — ಶಿರಸಿ ಸೀಮೆಯ ಗೃಹಿಣಿ

ತಾವು ತೋಟದ ಮಾತನ್ನು ವಿವರವಾಗಿ ಬರೆದಿದ್ದೀರಿ, ಅತಿಥಿಗಳ ಮಾತನ್ನೂ ಬರೆದಿದ್ದೀರಿ. ಅಡುಗೆಮನೆಯಲ್ಲಿ ಯಾರು ನಿಂತಿದ್ದಾರೆ ಎಂಬುದು ಮಾತ್ರ ಎಲ್ಲಿಯೂ ಬರಲಿಲ್ಲ. ಆಕ್ಷೇಪಿಸಲೆಂದು ಹೇಳುತ್ತಿಲ್ಲ, ಹೋಂಸ್ಟೇ ನಡೆಸುವ ಮನೆಗಳಲ್ಲಿ ಶಕ್ತಿ ಮೊದಲು ಬತ್ತುವುದು ಅಲ್ಲಿಯೇ, ಮತ್ತು ಮನೆಯೊಡತಿ ಸೋತಾಗ ಯಜಮಾನರ ಉತ್ಸಾಹವೂ ಉಳಿಯುವುದಿಲ್ಲ ಎಂಬುದನ್ನು ನಾನು ಹತ್ತಿರದಿಂದ ಕಂಡಿರುವುದರಿಂದ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಆಯ್ಕೆಯ ಪಟ್ಟಿ ಎಂಬುದೇ ಇಲ್ಲ. ಆ ದಿನ ಮನೆಯವರಿಗೆ ಏನು ಮಾಡುತ್ತೇವೆಯೋ ಅದನ್ನೇ ಹೆಚ್ಚು ಪ್ರಮಾಣದಲ್ಲಿ ಮಾಡುತ್ತೇವೆ: ಬೆಳಗ್ಗೆ ತೆಳ್ಳೇವು ಅಥವಾ ಕಡುಬು, ಮಧ್ಯಾಹ್ನಕ್ಕೆ ಒಂದು ತಂಬುಳಿ, ಒಂದು ಪಲ್ಯ, ಸಾರು, ಅಪ್ಪೆಮಿಡಿ ಉಪ್ಪಿನಕಾಯಿ. ಬುಕಿಂಗ್ ಸಮಯದಲ್ಲಿಯೇ ಇದನ್ನು ತಿಳಿಸಿದರೆ ಬಂದವರು ಬೇಸರಿಸುವುದಿಲ್ಲ; ಹೆಚ್ಚಿನವರು ಬರುವುದೇ ಇದಕ್ಕಾಗಿ. ಊಟದ ಹೊತ್ತು ಖಚಿತ. ರಾತ್ರಿ ಎಂಟೂವರೆಗೆ ಊಟ ಮುಗಿದು ಒಂಬತ್ತೂವರೆಗೆ ಅಡುಗೆಮನೆ ಮುಚ್ಚುತ್ತದೆ, ಆಮೇಲೆ ಬೇಕಾದವರಿಗೆ ಜಗುಲಿಯಲ್ಲಿ ಬಿಸಿನೀರಿನ ಫ್ಲಾಸ್ಕ್ ಇಟ್ಟಿರುತ್ತೇವೆ. ನೀವು ಹನ್ನೊಂದರವರೆಗೆ ಕುಳಿತಿರುವುದು ಅತಿಥಿಗಳಿಗೆ ಬೇಕಾಗಿದೆಯೇ ಎಂದು ಒಮ್ಮೆ ಯೋಚಿಸಿ. ನಾವು ಎದ್ದು ಹೋದ ಮೇಲೆ ಅವರು ತಮ್ಮತಮ್ಮೊಳಗೆ ಹೆಚ್ಚು ಸಂತೋಷವಾಗಿ ಮಾತನಾಡಿಕೊಳ್ಳುತ್ತಾರೆ.

ಮಳೆಗಾಲದ ಒಂದು ಕಷ್ಟವನ್ನು ಘಟ್ಟದ ಮೇಲಿನವರಲ್ಲದೆ ಬೇರೆಯವರು ಊಹಿಸಲಾರರು. ಜುಲೈ, ಆಗಸ್ಟ್ ತಿಂಗಳಲ್ಲಿ ಜೋಗ ತುಂಬಿ ಹರಿಯುವುದರಿಂದ ವಾರಾಂತ್ಯದಲ್ಲಿ ಜನ ಬಂದೇ ಬರುತ್ತಾರೆ, ಆದರೆ ತೊಳೆದ ಹೊದಿಕೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ. ಈ ಒಂದು ಕೆಲಸ ಹೆಂಗಸರ ನಿದ್ದೆಯನ್ನು ಎಷ್ಟು ತಿನ್ನುತ್ತದೆಂದರೆ, ಹಾಸಿಗೆಯೊಂದಕ್ಕೆ ಮೂರು ಜೊತೆ ಬಟ್ಟೆ ಇಟ್ಟುಕೊಂಡು, ಮಳೆಗಾಲದಲ್ಲಿ ಪೇಟೆಯ ಲಾಂಡ್ರಿಗೆ ಕೊಡಲು ಶುರುಮಾಡಿದ ಮೇಲೆಯೇ ನಮಗೆ ಉಸಿರಾಡುವಂತಾಯಿತು. ಲಾಂಡ್ರಿಯ ಖರ್ಚು ದುಂದಲ್ಲ. ಕೋಣೆಯ ದರದೊಳಗೆ ಸೇರಬೇಕಾದ ಖರ್ಚು.

ಊರಿನ ಇಬ್ಬರು ಹೆಂಗಸರು ದಿನಗೂಲಿಯ ಮೇಲೆ ನಮ್ಮ ಅಡುಗೆಗೆ ಬರುತ್ತಾರೆ. ಜೊತೆಗೆ, ಪ್ರತಿ ತಿಂಗಳ ಕೊನೆಯಲ್ಲಿ ಹೋಂಸ್ಟೇ ಆದಾಯದ ಒಂದು ಪಾಲು ನೇರವಾಗಿ ನನ್ನ ಖಾತೆಗೆ ಜಮೆಯಾಗುತ್ತದೆ. ಅದನ್ನು ನಾನೇ ಕೇಳಿ ಮಾಡಿಸಿಕೊಂಡದ್ದು. ಮಾಡುವ ಕೆಲಸಕ್ಕೆ ಲೆಕ್ಕವಿದೆ ಎಂದಾಗ ಮಾಡಬೇಕೆಂಬ ಮನಸ್ಸು ಉಳಿಯುತ್ತದೆ. ತಮ್ಮ ಮನೆಯವರನ್ನೂ ಈ ಚರ್ಚೆಗೆ ಕೂರಿಸಿಕೊಳ್ಳಿ ಎಂದು ವಿನಂತಿಸುತ್ತೇನೆ.

ಉತ್ತರ 3 — ಸಾಗರದ ಕೃಷಿಕ

ಕೊಡಗಿನ ಹಿರಿಯರ ಮಾತಿಗೆ ನಾನು ಪೂರ್ತಿ ಒಪ್ಪಲಾರೆ. ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ. ನಾಲ್ಕು ಕೋಣೆಯವರು ದಸರಾ ವಾರವನ್ನು ಮುಚ್ಚಿದರೆ ಆ ನಷ್ಟವನ್ನು ಮಳೆಗಾಲದಲ್ಲಿ ತುಂಬಿಕೊಳ್ಳುವುದು ಸುಲಭವಲ್ಲ.

ಕೊಯ್ಲಿನ ಹೊತ್ತಿನಲ್ಲಿ ನಾವು ಅತಿಥಿಗಳಿಗಾಗಿ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳುವುದಿಲ್ಲ. ಸಂಜೆ ಅಡಿಕೆ ಸುಲಿಯುವವರ ಸಾಲಿನಲ್ಲಿ ಅವರಿಗೂ ಒಂದು ಮಣೆ ಹಾಕುತ್ತೇವೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯನ್ನು ಮಾತ್ರ ಅವರ ಕೈಗೆ ಕೊಡದೆ, ಸುಲಿದದ್ದನ್ನು ಆರಿಸುವ ಕೆಲಸ ಕೊಡುತ್ತೇವೆ. ಅಡಿಕೆ ಬೇಯುವ ಹಂಡೆಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ. ಸುಲಿಯುವವರ ಹರಟೆ, ಅಡಿಕೆ ಬೇಯಿಸಿದ ನೀರಾದ ಚೊಗರಿನ ಬಣ್ಣ, ಉದ್ದನೆಯ ಫೈಬರ್ ಕೋಲಾದ ದೋಟಿಯಿಂದ ಅಡಿಕೆ ಗೊನೆ ಇಳಿಸುವ ಕೌಶಲ, ಇವನ್ನು ನೋಡಿದವರಿಗೆ ಪ್ರತ್ಯೇಕವಾಗಿ ತೋಟದ ಪರಿಚಯ ಮಾಡಿಕೊಡಬೇಕಾಗಿಯೇ ಇಲ್ಲ. ನೀವು ಹೇಳಿದ ಬಾಯಿಪಾಠದ ಬೇಸರವೂ ಇದರಿಂದ ತಪ್ಪುತ್ತದೆ, ಏಕೆಂದರೆ ಅವರು ಕೇಳುವ ಪ್ರಶ್ನೆಗಳು ಆ ದಿನದ ಕೆಲಸದಿಂದಲೇ ಹುಟ್ಟುತ್ತವೆ.

ಹಗಲು ಹತ್ತರಿಂದ ನಾಲ್ಕರವರೆಗೆ ಅತಿಥಿಗಳು ಹೊರಗಿರುವಂತೆ ಯೋಜಿಸಿ. ನಿಮ್ಮ ಸುತ್ತಲೇ ಕುಂದಾದ್ರಿ, ಕವಲೇದುರ್ಗ, ಕುಪ್ಪಳಿಯ ಕವಿಮನೆ ಮತ್ತು ಕವಿಶೈಲ ಇವೆ. ದಾರಿಯ ವಿವರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಫೋನಿನ ವಿಚಾರಣೆಗಳಿಗೆ ದಿನಕ್ಕೆ ಎರಡು ಹೊತ್ತು ಮಾತ್ರ ಉತ್ತರಿಸಿ. ಅತಿಥಿಗಳು ಏಳುವ ಮುನ್ನ ಒಬ್ಬರೇ ತೋಟಕ್ಕೆ ಹೋಗಿ ಬರುವ ಅಭ್ಯಾಸವಿದ್ದರೆ ಎಂಥ ದಿನವೂ ಅದನ್ನು ಬಿಡಬೇಡಿ.

ಉತ್ತರ 4 — ಇಟಲಿಯಲ್ಲಿ ನೆಲೆಸಿರುವ ಕನ್ನಡಿಗ

ಮೇಲಿನ ಚರ್ಚೆಗೆ ನೇರ ಸಂಬಂಧವಿರುವ ಒಂದು ಮಾಹಿತಿಯನ್ನು ಸೇರಿಸಬಯಸುತ್ತೇನೆ. ಇಟಲಿಯಲ್ಲಿ ಕೃಷಿ ಪ್ರವಾಸೋದ್ಯಮಕ್ಕೆ 1985ರಲ್ಲಿಯೇ ರಾಷ್ಟ್ರಮಟ್ಟದ ಕಾನೂನು ಬಂದಿತು. 2006ರಲ್ಲಿ ಅದರ ಜಾಗಕ್ಕೆ ಹೊಸ ಕಾನೂನು ಬಂದಿತು. ಅತಿಥಿ ಸತ್ಕಾರಕ್ಕಿಂತ ಬೇಸಾಯವೇ ಪ್ರಧಾನವಾಗಿರಬೇಕು ಎಂಬುದು ಅದರ ತಿರುಳು. ಈ ಪ್ರಾಧಾನ್ಯವನ್ನು ಅಳೆಯುವಾಗ ಮುಖ್ಯವಾಗಿ ನೋಡುವುದು ಎರಡಕ್ಕೂ ತಗಲುವ ದುಡಿಮೆಯ ಸಮಯವನ್ನು. ಅತಿಥಿಗಳ ಸಂಖ್ಯೆ ಹತ್ತನ್ನು ಮೀರದಿದ್ದರೆ ಬೇಸಾಯವೇ ಪ್ರಧಾನವೆಂದು ಕಾನೂನು ಪರಿಗಣಿಸುತ್ತದೆ.

ಈ ಅಳತೆಗೋಲು ನನಗೆ ಬಹಳ ವಿವೇಕದ್ದಾಗಿ ಕಂಡಿದೆ. ಭಾರತದ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾರ್ಗಸೂಚಿಯು ಕೋಣೆಗಳನ್ನು ಆರಕ್ಕೆ, ಹಾಸಿಗೆಗಳನ್ನು ಹನ್ನೆರಡಕ್ಕೆ ಮಿತಿಗೊಳಿಸುತ್ತದೆ ಮತ್ತು ಮಾಲೀಕರ ಕುಟುಂಬ ಅಲ್ಲಿಯೇ ವಾಸಿಸಬೇಕೆನ್ನುತ್ತದೆ. ಹಾಸಿಗೆಯ ಲೆಕ್ಕ ಅಲ್ಲಿದೆ, ದುಡಿಮೆಯ ಗಂಟೆಗಳ ಲೆಕ್ಕವಿಲ್ಲ. ಆ ಲೆಕ್ಕವನ್ನು ನೀವೇ ಬರೆದಿಡಬಹುದು. ಮೇ ತಿಂಗಳಲ್ಲಿ ಒಂದು ವಾರ, ಕೊಯ್ಲಿನಲ್ಲಿ ಒಂದು ವಾರ, ಮನೆಯ ಪ್ರತಿಯೊಬ್ಬರೂ ತೋಟಕ್ಕೆ ಎಷ್ಟು ಗಂಟೆ, ಅತಿಥಿಗಳಿಗೆ ಎಷ್ಟು ಗಂಟೆ ಕೊಟ್ಟರೆಂದು ಗೋಡೆಯ ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿ. ಅತಿಥಿಗಳ ಗಂಟೆ ತೋಟದ ಗಂಟೆಯನ್ನು ಮೀರಿದ ವಾರಗಳು ಯಾವುವೆಂದು ಕಂಡಾಗ, ಯಾವ ದಿನ ಮುಚ್ಚಬೇಕು, ಎಲ್ಲಿ ಕೂಲಿಗೆ ಜನ ಬೇಕು ಎಂಬುದನ್ನು ಊಹೆಯಿಲ್ಲದೆ ನಿರ್ಧರಿಸಬಹುದು.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಿರಸಿಯ ಅಕ್ಕನವರ ಉತ್ತರವನ್ನು ನನ್ನ ಪತ್ನಿಗೆ ಓದಿ ಹೇಳಿದೆ. ಲಾಂಡ್ರಿ ಮತ್ತು ಊಟದ ಹೊತ್ತು, ಈ ಎರಡನ್ನು ಈ ತಿಂಗಳಿನಿಂದಲೇ ಜಾರಿಗೆ ತರಬೇಕೆಂದು ಆಕೆ ಹೇಳಿದ್ದಾಳೆ. ಆದಾಯದ ಪಾಲಿನ ವಿಷಯದಲ್ಲಿಯೂ ಮಾತುಕತೆ ಆಗಿದೆ. ದಸರಾ ವಾರವನ್ನು ಮುಚ್ಚದೆ ಸಾಗರದವರು ಹೇಳಿದಂತೆ ಸುಲಿಯುವ ಕೆಲಸದೊಂದಿಗೆ ಜೋಡಿಸುತ್ತೇವೆ. ಮೇ ಕೊನೆಯ ವಾರವನ್ನು ಮಾತ್ರ ಬುಕಿಂಗ್‌ನಿಂದ ತೆಗೆಯುವುದೆಂದು ತೀರ್ಮಾನಿಸಿದ್ದೇವೆ. ಆದರೆ ಔಷಧಿ ಹೊಡೆಯುವ ದಿನ ಮಳೆಯನ್ನೂ ಕೊನೆಗಾರರನ್ನೂ ಅವಲಂಬಿಸಿರುವುದರಿಂದ ಒಂದು ವಾರ ಹಿಂದುಮುಂದಾದರೆ ಏನು ಮಾಡುವುದು?

ಉತ್ತರ — ಕೊಡಗಿನ ಕಾಫಿ ಬೆಳೆಗಾರ

ನಮ್ಮಲ್ಲಿಯೂ ಕಾಫಿ ಹೂ ಅರಳಿಸುವ ಹೂಮಳೆಯ ದಿನವನ್ನು ಯಾರೂ ಮೊದಲೇ ಹೇಳಲಾರರು. ಅದಕ್ಕಾಗಿ ನಾವು ಎರಡು ವಾರ ತಡೆಹಿಡಿದು, ಕೆಲಸ ಮುಗಿದ ಕೂಡಲೇ ಉಳಿದ ದಿನಗಳನ್ನು ಹಿಂದೆ ಬಂದು ಹೋದ ಅತಿಥಿಗಳಿಗೆ ವಾಟ್ಸ್‌ಆ್ಯಪ್ ಮೂಲಕ ತಿಳಿಸುತ್ತೇವೆ. ಅವರಿಗೆ ಮನೆಯ ರೀತಿ ಗೊತ್ತಿರುವುದರಿಂದ ಸ್ವಲ್ಪ ದರ ಇಳಿಸಿದರೂ ನಮಗೆ ಹೊರೆಯಾಗುವುದಿಲ್ಲ. ಮೊದಲ ಸಿಂಪಡಣೆಯಾಗಿ 40–45 ದಿನಕ್ಕೆ ನಿಮಗೆ ಎರಡನೆಯದೂ ಬರುತ್ತದೆ. ಜುಲೈ ತಿಂಗಳ ಆ ದಿನಗಳಿಗೂ ಈಗಲೇ ಗುರುತು ಹಾಕಿಡಿ.