ಪದ ಬೇಕು: 581301 ‘ನ್ಯೂನ’ವೋ ‘ಕೊರೆ’ಯೋ?

ಕಾರವಾರದಿಂದ:
ಡಿಸೆಂಬರ್ 22ರ ಗಣಿತ ದಿನಕ್ಕೆಂದು ಶಾಲೆಯ ಗೋಡೆಯ ಮೇಲೆ ನಮ್ಮೂರ ಪಿನ್ ಕೋಡ್ 581301ರ ಗುಣಗಳನ್ನು ಬರೆಸುತ್ತಿದ್ದೇವೆ. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ಅಪವರ್ತನದವರೆಗೆ ತೊಡಕಿಲ್ಲ: 3 × 3 × 7 × 9227, ಕೊನೆಯದು ಅವಿಭಾಜ್ಯ. ಭಾಜಕಗಳು 12. ಮಕ್ಕಳು 1, 3, 7, 9, 21, 63 ಎಂದು ಹಲಗೆಯ ತುಂಬ ಬರೆದು, 581301 ಒಂದನ್ನು ಬಿಟ್ಟು ಉಳಿದ ಹನ್ನೊಂದನ್ನೂ ಕೂಡಿದರು. ಮೊತ್ತ 3,78,411. ಅಂದರೆ 2,02,890 ಕಡಿಮೆ. ಮೊತ್ತ ಸರಿಸಮನಾದರೆ ಪರಿಪೂರ್ಣ ಸಂಖ್ಯೆ. 6, 28 ಹಾಗೆ. ಕಡಿಮೆ ಬಿದ್ದರೆ? ‘ನ್ಯೂನ ಸಂಖ್ಯೆ’ ಎಂದು ಬರೆದುಕೊಂಡಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು, “ನಮ್ಮೂರ ಸಂಖ್ಯೆಗೆ ಏನು ದೋಷ?” ಎಂದು ಕೇಳಿದಳು. ಅಲ್ಲಿಗೆ ನಿಂತಿದ್ದೇನೆ.

ಶಿರಸಿಯಿಂದ:
ಅಕ್ಕೋರೇ, ಆ ಹುಡುಗಿಯ ಕಿವಿ ಸೂಕ್ಷ್ಮವಾಗಿದೆ. ನ್ಯೂನ ಬೇಡವೇ ಬೇಡ. ವಖಾರಿಯಲ್ಲಿ ಅಡಿಕೆ ಚೀಲ ತೂಗುವಾಗ ಎರಡು ಕಿಲೋ ಕಡಿಮೆ ಬಂದರೆ ‘ಕೊರೆ ಬಿತ್ತು’ ಎನ್ನುತ್ತೇವೆ. ಅಡಿಕೆ ಕೆಟ್ಟಿದೆ ಎಂದು ಅದರ ಅರ್ಥವಲ್ಲ, ಲೆಕ್ಕಕ್ಕೆ ಸಾಲಲಿಲ್ಲ, ಅಷ್ಟೆ. ನಿಮಗೆ ಬೇಕಾದದ್ದೂ ಅಷ್ಟೇ. ಕೊರೆ, ಕೊರತೆ, ತಮಿಳಿನ ಕುರೈ ಎಲ್ಲ ಒಂದೇ ಬೇರಿನವು. ‘ಕೊರೆಸಂಖ್ಯೆ’ ಎಂದು ಬರೆಸಿ. ಮೊತ್ತ ಹೆಚ್ಚಾದದ್ದು ‘ಮಿಗಿಲುಸಂಖ್ಯೆ’.

ಕುಮಟಾದಿಂದ:
ಒಪ್ಪಲಾರೆ. ಎರಡೂ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ನ್ಯೂನ ಎಂದರೆ ನಿ + ಊನ. ಊನವೆಂದರೆ ಕಡಿಮೆ, ದೋಷವಲ್ಲ. ಏಕೋನವಿಂಶತಿ ಎಂದರೆ ಇಪ್ಪತ್ತಕ್ಕೆ ಒಂದು ಊನ. ಕಾರವಾರದ ಪೇಟೆಯಲ್ಲಿ ಕೊಂಕಣಿಯವರು ‘ಏಕುಣೀಸ್’ ಎಂದು ಎಣಿಸುವುದರಲ್ಲಿಯೂ ಅದೇ ಊನ ಕುಳಿತಿದೆ. ಹತ್ತೊಂಬತ್ತರಲ್ಲಿ ದೋಷವಿದೆಯೇ? ಪರಿಪೂರ್ಣ, ನ್ಯೂನ, ಅಧಿಕ ಒಂದೇ ಕಟ್ಟಿನ ಪದಗಳು. ಪ್ರಾಚೀನ ಗಣಿತಜ್ಞ ನಿಕೋಮೇಕಸ್ ಗ್ರೀಕಿನಲ್ಲಿ ಮೂರನ್ನೂ ಒಟ್ಟಿಗೇ ವಿಂಗಡಿಸಿದ. ಒಂದನ್ನು ಕಿತ್ತು ವಖಾರಿಯ ಮಾತು ತುರುಕುವುದು ಪರಿಭಾಷೆಯಲ್ಲ.

ಶಿರಸಿಯಿಂದ:
581301 ಬೆಸ ಸಂಖ್ಯೆ. ಪಠ್ಯಪುಸ್ತಕವೇ ಹಾಗೆ ಬರೆಯುತ್ತದೆ. ವಿಷಮ ಸವೆದು ಬೆಸವಾಯಿತು, ತದ್ಭವದ ಪಕ್ಕದಲ್ಲಿ ತತ್ಸಮ ಕುಳಿತಿತು. ಅದು ಅರಿಸಮಾಸವಲ್ಲವೇ? ಆ ಪುಸ್ತಕಗಳನ್ನು ಮೊದಲು ತಿದ್ದಿಸಿ, ಆಮೇಲೆ ನನ್ನ ಕೊರೆಯ ಮಾತು. ಊನ ಎಂದೊಡನೆ ನಮ್ಮ ಜನಕ್ಕೆ ಅಂಗವೇ ನೆನಪಾಗುತ್ತದೆ, ಏಕೋನವಿಂಶತಿಯಲ್ಲ. ಎರವಲು ತಂದವರು ಅದು ಇಲ್ಲಿ ಪಡೆದ ಅರ್ಥವನ್ನೂ ಹೊರಬೇಕು.

ಕುಮಟಾದಿಂದ:
ಬೆಸ ರೂಢಿಯ ಬಲದಿಂದ ನಿಂತದ್ದು. ನಿಮ್ಮ ಕೊರೆಗೆ ಆ ರೂಢಿ ಎಲ್ಲಿದೆ? ಕೊರೆ ಎಂದರೆ ಮಕ್ಕಳಿಗೆ ಬಾವಿ ಕೊರೆಯುವ ಯಂತ್ರ ನೆನಪಾಗುತ್ತದೆ. ಚರ್ಚೆ ಸಾಕು.

ಕಾರವಾರದಿಂದ:
ಪೇಂಟರ್ ಬಂದು ಏಣಿ ಹತ್ತಿದ್ದಾರೆ. ‘ಕೊರೆ ಸಂಖ್ಯೆ’ ಎಂದು ಬಿಡಿಸಿಯೇ ಬರೆಸಿದೆ. ಸಮಾಸದ ಜಗಳ ಗೋಡೆಗೆ ಬೇಡ. ಕೆಳಗೆ ‘ಭಾಜಕಗಳ ಮೊತ್ತದಲ್ಲಿ 2,02,890 ಕೊರೆ’ ಎಂದಿದೆ. ಹುಡುಗಿ ಅದನ್ನು ಎರಡು ಸಲ ಓದಿ, ಕಳೆದು ನೋಡಿ, ಸರಿ ಎಂದಳು. ಬಾವಿಯ ಮಾತು ಯಾರೂ ಎತ್ತಲಿಲ್ಲ. 12ನ್ನು ಬಿಟ್ಟು ಅದರ ಉಳಿದ ಭಾಜಕಗಳ ಮೊತ್ತ 16 ಆಗುತ್ತದಲ್ಲ, ಅದರ ಪಕ್ಕ ಇನ್ನೂ ಖಾಲಿ ಬಿಟ್ಟಿದ್ದೇನೆ. ಮಿಗಿಲೋ ಅಧಿಕವೋ, ಮಧ್ಯಾಹ್ನದ ಊಟದೊಳಗೆ ತಿಳಿಸಿ.